ಹೊನ್ನಯ್ಯನವರಿಗೆ ಕೇಳಬೇಕಾದ ಪ್ರಶ್ನೆಗಳು

ಮಳವಳ್ಳಿ
4 ಆಗಸ್ಟ್ 2024

ಪ್ರೀತಿಯ ಜಕೀ,

ಲಕೋಟೆಯ ಮೇಲಿನ ಕೈಬರಹ ನೋಡಿಯೇ ಇದು ಯಾರ ಕಾಗದವೆಂದು ನಿನಗೆ ಗೊತ್ತಾಗಿರುತ್ತದೆ. ಮದ್ದೂರಿನ ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಪಕ್ಕ ಕೂತು ಇದೇ ಅಕ್ಷರವನ್ನು ನಕಲು ಮಾಡಿದವನು ನೀನು. ಫೋನ್ ಮಾಡೋಣವೆಂದು ನಿನ್ನ ಗ್ಯಾರೇಜಿನ ನಂಬರು ಹುಡುಕಿಸಿದೆ. ಸಿಕ್ಕಿತು. ಎರಡು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆನೇ ಹೊರತು ಒತ್ತಲು ಕೈ ಬರಲಿಲ್ಲ. ಮೂವತ್ತು ವರ್ಷ ಮಾತಾಡದವನು ಮೊದಲ ಮಾತು ಏನೆಂದು ಆಡುವುದು?

ನಾನು ಮೇ ತಿಂಗಳಲ್ಲಿ ನಿವೃತ್ತನಾದೆ. ಮಳವಳ್ಳಿಯಲ್ಲೇ ಸಣ್ಣದೊಂದು ಮನೆ ಮಾಡಿಕೊಂಡಿದ್ದೇನೆ. ಮಗಳು ಚಂದನ ನರಸೀಪುರದಲ್ಲಿ ನರ್ಸ್ ಆಗಿದ್ದಾಳೆ.

ಬರೆಯಲು ಕಾರಣ ಇದು. ಹೊನ್ನಯ್ಯನವರ ಹೊಸ ಪುಸ್ತಕ ಬಂದಿದೆ. ನಮ್ಮ ನಾಲೆ ಹೋರಾಟದ ಮುಖಂಡರಾಗಿದ್ದವರು, ಆಮೇಲೆ ಒಂದು ಸಲ ಶಾಸಕರಾದವರು, ಎಪ್ಪತ್ತಾರನೆಯ ವಯಸ್ಸಿನಲ್ಲಿ ರಾಜಕೀಯ ಲೇಖಕರೆಂದು ಹೆಸರು ಮಾಡಿದ್ದಾರೆ. ಇದು ಅವರ ಮೂರನೆಯದು, ‘ನೀರು ಕೇಳಿದ ದಿನಗಳು’. ನವೆಂಬರ್ ಹದಿನೇಳರ ಭಾನುವಾರ ಮಂಡ್ಯದಲ್ಲಿ ಅವರೊಡನೆ ಸಂವಾದ ಇಟ್ಟುಕೊಂಡಿದ್ದಾರೆ. ವೇದಿಕೆಯ ಮೇಲೆ ಕೂತು ಪ್ರಶ್ನೆ ಕೇಳುವ ಕೆಲಸಕ್ಕೆ ನನ್ನನ್ನು ಕರೆದಿದ್ದಾರೆ. ಕಾರ್ಯಕ್ರಮ ನಡೆಸುವ ಗಗನ ಎಂಬ ಉಪನ್ಯಾಸಕಿ ನನ್ನ ಹಳೆಯ ವಿದ್ಯಾರ್ಥಿನಿ. “ನೀವು ಆ ಹೋರಾಟದಲ್ಲಿ ಇದ್ದವರು ಸಾರ್, ಬೇರೆಯವರು ಪುಸ್ತಕ ಓದಿಕೊಂಡು ಕೇಳ್ತಾರೆ ಅಷ್ಟೆ” ಎಂದಳು. ಒಪ್ಪಿಕೊಂಡೆ.

ಒಪ್ಪಿಕೊಂಡ ಮೇಲೆ ಪುಸ್ತಕ ಓದಿದೆ. ತೊಂಬತ್ತನಾಲ್ಕರಲ್ಲಿ ನಿಡಘಟ್ಟದ ಹತ್ತಿರ ನಾವು ಮಾಡಿದ ರಸ್ತೆ ತಡೆಯ ಬಗ್ಗೆ ಹನ್ನೊಂದು ಪುಟ ಬರೆದಿದ್ದಾರೆ. ನೂರ ನಲವತ್ತಮೂರನೆಯ ಪುಟದಲ್ಲಿ ಹೀಗಿದೆ: ‘ಸರ್ಕಾರಿ ಜೀಪಿಗೆ ಬೆಂಕಿ ಇಟ್ಟವನು ನಮ್ಮವನಲ್ಲ. ಪೇಟೆಯಿಂದ ಬಂದಿದ್ದ ಯಾವನೋ ಮೆಕ್ಯಾನಿಕ್.’ ನಿನ್ನ ತಮ್ಮ ರಿಯಾಜನ ಬಗ್ಗೆ ಇರುವುದು ಇಷ್ಟೇ.

ಪುಸ್ತಕದ ಒಂದು ಪ್ರತಿ ಕಳಿಸಿದ್ದೇನೆ. ಅವರಿಗೆ ಏನು ಕೇಳಬೇಕೆಂದು ನೀನು ಹೇಳು. ನೀನು ಬರೆದುಕೊಟ್ಟ ಪ್ರಶ್ನೆಗಳನ್ನೇ ಕೇಳುತ್ತೇನೆ.

ಅಮ್ಮಿ ಹೇಗಿದ್ದಾರೆ? ಎದ್ದು ಓಡಾಡುತ್ತಾರೆಂದು ನಿಮ್ಮ ಬೀದಿಯ ಬಳೆ ಅಂಗಡಿಯವರು ಹೇಳಿದರು.

ನಿನ್ನ,
ಜಯಪ್ರಕಾಶ್


ಮದ್ದೂರು
21 ಆಗಸ್ಟ್ 2024

ಜಯಪ್ರಕಾಶ್ ಮೇಷ್ಟ್ರಿಗೆ ಜಕೀವುಲ್ಲಾನ ಸಲಾಂ.

ನಿಮ್ಮ ಕಾಗದವೂ ಪುಸ್ತಕವೂ ತಲುಪಿದವು. ಫೋನ್ ಮಾಡದೆ ಇದ್ದದ್ದು ಒಳ್ಳೆಯದೇ ಆಯಿತು. ನಲವತ್ತು ವರ್ಷ ಡೀಸೆಲ್ ಇಂಜಿನ್ನುಗಳ ಪಕ್ಕ ನಿಂತು ನನ್ನ ಎರಡು ಕಿವಿಯೂ ಹೋಗಿವೆ. ಗಿರಾಕಿಗಳು ಗಾಡಿಗೆ ಏನಾಗಿದೆ ಎನ್ನುವುದನ್ನು ಕೈಸನ್ನೆಯಲ್ಲಿ ತೋರಿಸುತ್ತಾರೆ.

ಪುಸ್ತಕವನ್ನು ಮೊದಲು ಓದಿದ್ದು ನನ್ನ ಕಿರಿಯ ಮಗಳು ಅಸ್ಫಿಯಾ. ಮಂಡ್ಯದಲ್ಲಿ ಬಿ.ಎಡ್. ಓದುತ್ತಿದ್ದಾಳೆ. ರಿಯಾಜ್ ತೀರಿಕೊಂಡ ಮಾರನೆಯ ವರ್ಷ ಹುಟ್ಟಿದವಳು. ನೀವು ಹೇಳಿದ ಪುಟಕ್ಕೆ ಬಂದಾಗ ‘ಈ ಯಾವನೋ ಅಂದರೆ ನಮ್ಮ ಚಾಚಾನಾ ಅಬ್ಬಾ’ ಎಂದು ಚೀಟಿಯಲ್ಲಿ ಬರೆದು ತೋರಿಸಿದಳು. ಹೌದೆಂದು ತಲೆ ಆಡಿಸಿದೆ. ಆವತ್ತು ಅವಳು ಊಟ ಮಾಡಲಿಲ್ಲ.

ಪ್ರಶ್ನೆ ಕೇಳಿದ್ದೀರಿ. ಹನ್ನೊಂದು ಜನರ ಮೇಲೆ ಕೇಸಾಗಿತ್ತು. ಹತ್ತು ಜನಕ್ಕೆ ಹದಿನೈದು ದಿನದಲ್ಲಿ ಜಾಮೀನು ಸಿಕ್ಕಿತು. ನನ್ನ ತಮ್ಮ ಹದಿನಾಲ್ಕು ತಿಂಗಳು ಒಳಗಿದ್ದ. ಯಾಕೆ ಎಂದು ಕೇಳಿ. ‘ಇವನು ನಮ್ಮ ಸಂಘದವನಲ್ಲ’ ಎಂದು ಹೊನ್ನಯ್ಯನವರ ಸಂಘದ ವಕೀಲರು ಕೋರ್ಟಿಗೆ ಬರೆದುಕೊಟ್ಟರು. ಹಾಗೆ ಬರೆಯಿರಿ ಎಂದವರು ಯಾರು ಎಂದು ಕೇಳಿ. ರಸ್ತೆ ತಡೆಯ ಹಿಂದಿನ ವಾರ ಸಂಘದ ಎರಡು ಟ್ರ್ಯಾಕ್ಟರು ಅವನ ಕೈಯಲ್ಲೇ ರಿಪೇರಿಯಾಗಿದ್ದವು. ಆಗ ಅವನು ಯಾರವನಾಗಿದ್ದ ಎಂದೂ ಬೇಕಾದರೆ ಕೇಳಿ.

ಜೈಲಿನಿಂದ ಬಂದವನಿಗೆ ಬಲಗೈ ಬೆರಳುಗಳನ್ನು ಮಡಿಸಲು ಆಗುತ್ತಿರಲಿಲ್ಲ. ಇಪ್ಪತ್ತಮೂರು ವರ್ಷದ ಮೆಕ್ಯಾನಿಕ್ಕು. ಸಾಕ್ಷಿ ಇಲ್ಲವೆಂದು ಕೇಸು ಬಿದ್ದುಹೋಯಿತು. ಎದೆಯ ಕಾಯಿಲೆ ಹಿಡಿದಿತ್ತು, ನಾಲ್ಕು ವರ್ಷ ತಳ್ಳಿದ. ಆ ನಾಲ್ಕು ವರ್ಷವೂ ಹೊನ್ನಯ್ಯನವರ ಕಾರು ನಮ್ಮ ಗ್ಯಾರೇಜಿನ ಮುಂದೆಯೇ ಹೋಗಿಬರುತ್ತಿತ್ತು. ಒಂದು ಸಲ ನಿಲ್ಲಿಸಿ ಇಳಿಯಲು ಏನು ಅಡ್ಡಿಯಾಗಿತ್ತೋ.

ಅಮ್ಮಿಗೂ ವಿಷಯ ತಿಳಿಸಿದೆವು. ಅವರು ಮನೆಮಾತಿನಲ್ಲಿ ಹೇಳಿ ಅಸ್ಫಿಯಾ ಬರೆದು ತೋರಿಸಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. “ಅಷ್ಟೆಲ್ಲ ಯಾಕೆ? ನನ್ನ ಮಗನ ಹೆಸರು ಅವನಿಗೆ ಗೊತ್ತಾ, ಅದನ್ನ ಕೇಳಲಿ.”

ಇಷ್ಟೇ ನನಗೆ ತೋಚಿದ್ದು.

ಜಕೀವುಲ್ಲಾ


ಮಳವಳ್ಳಿ
15 ಸೆಪ್ಟೆಂಬರ್ 2024

ಜಕೀ,

ನೀನು ನನ್ನನ್ನು ‘ನೀವು’ ಎಂದದ್ದನ್ನು ಮೂರು ಸಲ ಓದಿದೆ. ಇರಲಿ.

ನೀನೂ ಅಮ್ಮಿಯೂ ಹೇಳಿದ್ದನ್ನು ನನ್ನ ಪ್ರಶ್ನೆಗಳ ಜೊತೆ ಸೇರಿಸಿ ಗಗನಳಿಗೆ ಕೊಟ್ಟೆ. ಲೇಖಕರು ಮೊದಲೇ ನೋಡಬೇಕಂತೆ, ಹಾಗೆಂದು ಷರತ್ತು ಹಾಕಿಯೇ ಒಪ್ಪಿದ್ದಾರಂತೆ. ಎಂಟು ದಿನದ ಮೇಲೆ ಪಟ್ಟಿ ವಾಪಸ್ ಬಂತು. ನನ್ನ ಒಂಬತ್ತು ಪ್ರಶ್ನೆಗಳು ಹಾಗೇ ಇದ್ದವು. ನಿಮ್ಮ ಮನೆಯ ಪ್ರಶ್ನೆಗಳ ಮೇಲೆ ಗೆರೆ ಎಳೆದಿದ್ದರು. ಅಮ್ಮಿಯದರ ಮೇಲೆ ಎರಡು ಗೆರೆ ಇತ್ತು.

ಸಂಜೆ ಹೊನ್ನಯ್ಯನವರೇ ಫೋನ್ ಮಾಡಿದರು. ದನಿ ಕುಗ್ಗಿದೆ, ಮಾತಿನ ಗತ್ತು ಹಾಗೇ ಇದೆ.

“ಏನ್ ಮೇಷ್ಟ್ರೆ, ಮೂವತ್ತೊರ್ಸದ ಬೂದಿ ಕೆದುಕ್ತಿದೀಯಂತೆ?”

“ನೀವೇ ಬರೆದಿದ್ದೀರಲ್ಲ ಸಾರ್, ಅದಕ್ಕೇ ಕೇಳ್ತಿದೀನಿ.”

“ಬರ್ದಿದ್ದು ಓರಾಟದ್ ಬಗ್ಗೆ ಕಣಪ್ಪ. ಆ ಉಡ್ಗನ್ ಬಗ್ಗೆ ಅಲ್ಲ. ಸುಮ್ಕೆ ಅದ್ನ ಯಾಕ್ ತಂದಾಕ್ತೀಯ. ನಿಂಗೂ ಅದ್ರಲ್ಲಿ ಒಳ್ಳೇದಾಗಾಕಿಲ್ಲ, ಬುಡು.”

ಕೊನೆಯ ಮಾತು ಯಾಕೆ ಹೇಳಿದರೆಂದು ನನಗೆ ಅರ್ಥವಾಯಿತು. ಆ ದಿನಗಳಲ್ಲಿ ನನ್ನ ಪರಿಸ್ಥಿತಿ ಹೇಗಿತ್ತೆಂಬುದು ನಿನಗೂ ಗೊತ್ತಿತ್ತು. ಅದೇ ತಿಂಗಳು ನನಗೆ ಕೆಲಸದ ಆರ್ಡರ್ ಬಂದಿತ್ತು. ಪೊಲೀಸ್ ವೆರಿಫಿಕೇಷನ್ ಬಾಕಿ ಇತ್ತು. ಮೂವತ್ತು ತುಂಬಿದ್ದ ನನಗೆ ಅದೇ ಕೊನೆಯ ಅವಕಾಶ. ಮನೆಯಲ್ಲಿ ಇಬ್ಬರು ತಂಗಿಯರು. ಯಾವುದಕ್ಕೂ ಬಾಯಿ ಹಾಕಬೇಡ, ಹುಡುಗನನ್ನು ನಾನು ಬಿಡಿಸುತ್ತೇನೆ ಎಂದು ಹೊನ್ನಯ್ಯನವರು ಹೇಳಿದ್ದರು. ನಾನು ನಂಬಿದೆ.

ಗಗನ ಹೆದರಿದ್ದಾಳೆ. ಪ್ರಶ್ನೆಯನ್ನು ಸ್ವಲ್ಪ ಮೆತ್ತಗೆ ಮಾಡಿಕೊಳ್ಳಿ ಎನ್ನುತ್ತಾಳೆ. ‘ಹೋರಾಟಗಳಲ್ಲಿ ಅಮಾಯಕರು ಸಿಕ್ಕಿಕೊಳ್ಳುವುದರ ಬಗ್ಗೆ ಏನು ಹೇಳುತ್ತೀರಿ’ ಎಂದು ಕೇಳಿದರೆ ಹೇಗೆ? ಅವರು ತಾವಾಗಿಯೇ ಆ ವಿಷಯಕ್ಕೆ ಬರಬಹುದು. ನೀನು ಒಪ್ಪಿದರೆ ಹಾಗೆ ಮಾಡುತ್ತೇನೆ.

ಜಯಪ್ರಕಾಶ್


ಮದ್ದೂರು
30 ಸೆಪ್ಟೆಂಬರ್ 2024

ಜಯಾ,

ಮೆತ್ತಗಿನ ಪ್ರಶ್ನೆ ನೀನೇ ಇಟ್ಟುಕೋ. ಅದನ್ನು ಕೇಳಲು ನನ್ನ ಒಪ್ಪಿಗೆ ಯಾಕೆ ಬೇಕು?

ನಿನ್ನ ಪರಿಸ್ಥಿತಿ ನನಗೆ ಗೊತ್ತಿತ್ತು ಎಂದು ಬರೆದಿದ್ದೀಯ. ಗೊತ್ತಿತ್ತು. ನನಗೆ ಏನೇನು ಗೊತ್ತಿತ್ತು ಎಂಬುದು ನಿನಗೆ ಗೊತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ರಿಯಾಜನನ್ನು ಹಿಡಿದ ಮಾರನೆಯ ದಿನ ಲಾಕಪ್ಪಿನಲ್ಲಿ ಎರಡು ನಿಮಿಷ ಮಾತಾಡಲು ಬಿಟ್ಟರು. ಅವನು ಹೇಳಿದ್ದು ಒಂದೇ ಮಾತು. “ಜಯಣ್ಣನ್ನ ಕೇಳು. ನಾನು ಅವ್ರ ಜೊತೇಲೇ ಇದ್ದೆ.” ಅಲ್ಲಿಂದ ನೇರ ಬಸ್ಸು ಹತ್ತಿ ಬೆಳಕವಾಡಿಗೆ ನಿಮ್ಮ ಮನೆಗೆ ಬಂದೆ. ನಿನ್ನ ಅಪ್ಪ ಮಾದಯ್ಯನವರು ಬಾಗಿಲಲ್ಲೇ ಕೂತಿದ್ದರು. “ಅವ ಊರಲ್ಲಿಲ್ಲ ಕಣಪ್ಪ, ಮೈಸೂರ್ಗೋಗಿ ಎರಡ್ ದಿನಾಯ್ತು” ಎಂದರು. ಕುಡಿಯಲು ನೀರು ಕೊಟ್ಟರು. ನಿನ್ನ ಸ್ಕೂಟರು ಹೊರಗೆ ನಿಂತಿತ್ತು. ನಾನು ಚೊಂಬು ಕೆಳಗಿಟ್ಟು ಅದರ ಇಂಜಿನ್ ಮೇಲೆ ಕೈ ಇಟ್ಟು ನೋಡಿದೆ. ಇನ್ನೂ ಬಿಸಿ ಇತ್ತು. ನಿನ್ನ ಅಪ್ಪ ನನ್ನ ಕೈಯನ್ನೇ ನೋಡಿದರು. ಆಮೇಲೆ ಮುಖ ತಿರುಗಿಸಿಕೊಂಡರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ವಾಪಸ್ ಬಂದು ಅಮ್ಮಿಗೆ ಜಯ ಊರಲ್ಲಿಲ್ಲ ಎಂದೆ. ಬಂದ ಕೂಡಲೇ ಬರುತ್ತಾನೆ ಬಿಡು ಎಂದರು. ತುಂಬಾ ದಿನ ಹಾಗೇ ಹೇಳುತ್ತಿದ್ದರು.

ಇನ್ನೊಂದು ವಿಷಯ ಇದೆ. ಇದನ್ನು ಯಾರಿಗೂ ಹೇಳಿಲ್ಲ. ನೀನು ಒಳಗೆ ಅಡಗಿದ್ದೀಯ ಎಂದು ಗೊತ್ತಾದ ಮೇಲೆ ನನ್ನ ಮನಸ್ಸಿನಲ್ಲಿ ಒಂದು ಅನುಮಾನ ಹೊಕ್ಕಿತು. ಜಯ ಅಂಥವನಲ್ಲ, ರಿಯಾಜ್ ನಿಜಕ್ಕೂ ಅವನ ಜೊತೆ ಇದ್ದಿದ್ದರೆ ಬಂದು ಹೇಳದೆ ಇರುತ್ತಿರಲಿಲ್ಲ, ನನ್ನ ತಮ್ಮನೇ ಸುಳ್ಳು ಹೇಳುತ್ತಿದ್ದಾನೇನೋ ಎಂದು. ಪೆಟ್ರೋಲ್ ಕ್ಯಾನ್ ಹಿಡಿದು ಜೀಪಿನ ಪಕ್ಕ ಸಿಕ್ಕಿಬಿದ್ದವನು. ಹೊರಗೆ ಬಂದ ಮೇಲೆ ಆವತ್ತಿನ ಮಾತು ಎತ್ತಿದರೆ ಎದ್ದು ಹೋಗುತ್ತಿದ್ದ. ಒಂದು ದಿನ ನಾನು ಕೇಳಿಯೇಬಿಟ್ಟೆ, “ನಿಜ ಹೇಳು, ನೀನೇ ಹಚ್ಚಿದ್ಯಾ?” ಎಂದು. ಸಾಯುವವರೆಗೆ ಅವನು ಮತ್ತೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನಿನ್ನ ಪಟ್ಟಿಯಲ್ಲಿ ಒಂದು ಪ್ರಶ್ನೆ ಬಿಟ್ಟುಹೋಗಿದೆ. ಜೀಪಿಗೆ ಬೆಂಕಿ ಬಿದ್ದಾಗ ರಿಯಾಜ್ ಎಲ್ಲಿದ್ದ? ಅದು ಹೊನ್ನಯ್ಯನಿಗೆ ಗೊತ್ತಿಲ್ಲ. ಗೊತ್ತಿರುವವನು ನೀನು. ನೀನು ಯಾಕೆ ಕೇಳುವವನ ಕುರ್ಚಿಯಲ್ಲಿ ಕೂತಿದ್ದೀಯ?

ಜಕೀ


ಮಳವಳ್ಳಿ
19 ನವೆಂಬರ್ 2024

ಜಕೀ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಏಳೆಂಟು ಸಲ ಕೂತೆ. ಬರೆದದ್ದೆಲ್ಲ ಕ್ಷಮೆ ಕೇಳಿದ ಹಾಗೆ ಕಾಣುತ್ತಿತ್ತು, ಅದನ್ನು ನೀನು ಕೇಳಿರಲಿಲ್ಲ. ಮೊನ್ನೆ ಏನಾಯಿತೆಂದು ಬರೆಯುತ್ತೇನೆ.

ಹಾಲ್ ಮುಕ್ಕಾಲು ತುಂಬಿತ್ತು. ಹೊನ್ನಯ್ಯನವರನ್ನು ಇಬ್ಬರು ಹಿಡಿದುಕೊಂಡು ಬಂದು ಕೂರಿಸಿದರು. ಕೂತ ಮೇಲೆ ನನ್ನ ಮೊಣಕೈ ಮುಟ್ಟಿ, “ಚೆನ್ನಾಗಿದ್ದೀಯಾ ಜಯಪ್ರಕಾಶ” ಎಂದರು. ಮೊದಲ ಮುಕ್ಕಾಲು ಗಂಟೆ ಪಟ್ಟಿಯಲ್ಲಿ ಇದ್ದದ್ದನ್ನೇ ಕೇಳಿದೆ. ಚೆನ್ನಾಗಿ ಮಾತಾಡಿದರು. ನಾಲೆಯ ಕೊನೆಯ ಊರುಗಳಿಗೆ ನೀರು ಬಂದ ದಿನ ಹೆಂಗಸರು ಕಾಲುವೆಗೆ ಇಳಿದು ಮುಖ ತೊಳೆದುಕೊಂಡದ್ದನ್ನು ಹೇಳಿದಾಗ ಎಷ್ಟೋ ಜನ ಕಣ್ಣೊರೆಸಿಕೊಂಡರು. ಅದು ಸುಳ್ಳಲ್ಲ. ಆ ನೀರು ಬಂದದ್ದು ಅವರಿಂದಲೇ.

ಆಮೇಲೆ ಪಟ್ಟಿಯನ್ನು ಮಡಿಸಿಟ್ಟೆ. “ನೂರ ನಲವತ್ತಮೂರನೆಯ ಪುಟದಲ್ಲಿ ಒಬ್ಬ ಮೆಕ್ಯಾನಿಕ್ ಬಗ್ಗೆ ಬರೆದಿದ್ದೀರಿ. ಅವನ ಹೆಸರೇನು ಸಾರ್?” ಎಂದೆ.

ಮುಂದಿನ ಸಾಲಿನಲ್ಲಿದ್ದ ಗಗನ ತಲೆ ತಗ್ಗಿಸಿಕೊಂಡಳು. ಹೊನ್ನಯ್ಯನವರು ಮೈಕನ್ನು ಬಾಯಿಯ ಹತ್ತಿರ ತಂದುಕೊಂಡರು. “ಇಲ್ಲ ಕಣಪ್ಪ. ಗ್ಯಾನ ಇಲ್ಲ” ಎಂದರು.

ನಟಿಸಿದರೆಂದು ನನಗೆ ಅನ್ನಿಸಲಿಲ್ಲ, ಜಕೀ. ನಿಜಕ್ಕೂ ನೆನಪಿರಲಿಲ್ಲ.

“ರಿಯಾಜ್ ಅಂತ. ಮದ್ದೂರಿನ ಜಕೀವುಲ್ಲಾನ ತಮ್ಮ, ಹಬೀಬುನ್ನೀಸಾ ಅವರ ಮಗ. ಬೆಂಕಿ ಬಿದ್ದಾಗ ಅವನು ನನ್ನ ಜೊತೆಗಿದ್ದ. ಹಚ್ಚಿದವನು ಅವನಲ್ಲ. ಇದನ್ನ ಆಗ ಹೇಳಬೇಕಾಗಿತ್ತು, ನಾನು ಹೇಳಲಿಲ್ಲ” ಎಂದೆ.

ಹೊನ್ನಯ್ಯನವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಸುಸ್ತಾದವರ ಹಾಗೆ ಕಂಡರು. “ಅಲ್ಲ ಕಣಯ್ಯ, ನಾನೇನೋ ರಾಜಕೀಯದೋನು. ಹತ್ತ್ ಜನ ಉಳೀಲಿ ಅಂತ ಒಬ್ನ ಬುಟ್ಟೆ. ನೀನು ಮೇಷ್ಟ್ರು. ಮೂವತ್ತೊರ್ಸ ಮಕ್ಳಿಗೆ ಏನ್ ಯೋಳ್ಕೊಟ್ಟೆ?”

ಅಷ್ಟರಲ್ಲಿ ಯಾರೋ ಬಂದು ಮೈಕ್ ತೆಗೆದುಕೊಂಡು ವಂದನಾರ್ಪಣೆ ಮಾಡಿದರು. ಹೊರಗೆ ಕಾಫಿ ಕೊಟ್ಟರು. ಜನ ಸಾಲಿನಲ್ಲಿ ನಿಂತು ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರು. ಗಗನ ಹತ್ತಿರ ಬಂದು, ವಿಡಿಯೋದಲ್ಲಿ ಆ ಭಾಗ ತೆಗೆಯುತ್ತಾರಂತೆ ಸಾರ್ ಎಂದಳು. ಅವಳ ಕಣ್ಣು ಕೆಂಪಾಗಿತ್ತು.

ಹೊರಡುವಾಗ ಬಾಗಿಲ ಬಳಿ ಒಬ್ಬ ಹುಡುಗಿ ನನ್ನ ಮುಂದೆ ಬಂದು ನಿಂತಳು. ಅವಳ ಹಣೆ ನಿನ್ನದೇ. ಏನಾದರೂ ಹೇಳುತ್ತಾಳೆಂದು ಕಾದೆ. ಅವಳು ತಿರುಗಿ ಹೊರಟುಹೋದಳು.

ಅಮ್ಮಿಗೆ ಅವಳು ಹೇಳಿದಳೇ? ಅಮ್ಮಿ ಏನೆಂದರು?

ಜಯ


ಮದ್ದೂರು
8 ಡಿಸೆಂಬರ್ 2024

ಜಯಾ,

ಅಸ್ಫಿಯಾ ನಡೆದದ್ದನ್ನೆಲ್ಲ ಬರೆದು ತೋರಿಸಿದಳು. ನಿನ್ನ ಕಾಗದಕ್ಕೂ ಅವಳು ಬರೆದದ್ದಕ್ಕೂ ವ್ಯತ್ಯಾಸ ಇರಲಿಲ್ಲ. ನೀನು ನಿನ್ನ ಕಡೆಗೆ ಏನೂ ಎಳೆದುಕೊಂಡಿಲ್ಲ ಎಂದು ಗೊತ್ತಾಯಿತು.

ಅಮ್ಮಿ ಏನೆಂದರು ಎಂದು ಕೇಳಿದ್ದೀಯ. ಅಮ್ಮಿ ಅಕ್ಟೋಬರ್ ಇಪ್ಪತ್ತೆರಡಕ್ಕೆ ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದು, ಗೋಡೆಗೆ ಒರಗಿಕೊಂಡವರು ಹಾಗೇ ಹೋದರು. ನಿನಗೆ ಬೇಕೆಂತಲೇ ತಿಳಿಸಲಿಲ್ಲ. ತಿಳಿಸಿದ್ದರೆ ನೀನು ಬರುತ್ತಿದ್ದೆ. ಅಳುತ್ತಿದ್ದೆ, ನಾನೂ ಅಳುತ್ತಿದ್ದೆ. ಅಷ್ಟಕ್ಕೇ ಎಲ್ಲ ತೀರಿತು ಎಂದುಕೊಂಡು ನೀನು ಮಂಡ್ಯದಲ್ಲಿ ಪಟ್ಟಿ ಓದಿ ಬರುತ್ತಿದ್ದೆ. ಅಮ್ಮಿ ಕೇಳಿಸಿಕೊಳ್ಳುತ್ತಾರೆಂದು ನಿನಗೆ ಅನ್ನಿಸುತ್ತಿರಲಿ ಎಂದು ಸುಮ್ಮನಿದ್ದೆ. ನಾನು ಮಾಡಿದ್ದು ತಪ್ಪೋ ಏನೋ. ಹೋಗುವ ಹಿಂದಿನ ವಾರವೂ ‘ಆ ಭಾನುವಾರ ಇನ್ನೂ ಎಷ್ಟು ದಿನ’ ಎಂದು ಅಸ್ಫಿಯಾಳನ್ನು ಕೇಳಿದ್ದರು.

ಹತ್ತು ದಿನ ನಾನು ಗ್ಯಾರೇಜು ತೆಗೆಯಲಿಲ್ಲ. ನೀನು ಮಂಡ್ಯದಲ್ಲಿ ಹೇಳಿದ ಮೇಲೆ, ಅವರು ಸತ್ತದ್ದಕ್ಕಿಂತ ಹೆಚ್ಚಾಗಿ, ರಿಯಾಜನನ್ನು ನಾನು ಕೇಳಿದ ಆ ಪ್ರಶ್ನೆ ಕಾಡುತ್ತದೆ. ಅವನು ಸುಳ್ಳು ಹೇಳಿರಲಿಲ್ಲ. ಈಗ ಅದನ್ನು ಯಾರಿಗೆ ಹೇಳಲಿ?

ನೀನು ವೇದಿಕೆಯಲ್ಲಿ ಅವನು ನನ್ನ ಜೊತೆಗಿದ್ದ ಎಂದೆ. ಅದು ಒಂದು ಸಾಲು. ನಿನ್ನ ಜೊತೆ ಇದ್ದವನು ಕ್ಯಾನ್ ಹಿಡಿದು ಜೀಪಿನ ಹತ್ತಿರ ಹೇಗೆ ಸಿಕ್ಕಿದ? ನಮಗೆ ಇವತ್ತಿಗೂ ಗೊತ್ತಿಲ್ಲ. ಪೂರ್ತಿ ಬರಿ. ನನಗೆ ಬೇಡ, ಓದುವ ಧೈರ್ಯ ಇಲ್ಲ. ಅಸ್ಫಿಯಾಗೆ ಬರಿ. ಅವಳು ಚಾಚಾನನ್ನು ನೋಡಿದವಳಲ್ಲ.

ಜಕೀ


ಮಳವಳ್ಳಿ
9 ಫೆಬ್ರವರಿ 2025

ಅಸ್ಫಿಯಾ,

ನಿನ್ನ ಅಬ್ಬಾ ಕೇಳಿ ಎರಡು ತಿಂಗಳಾಯಿತು. ತಡಮಾಡಿದ್ದಕ್ಕೆ ನನ್ನ ಹೆದರಿಕೆಯೇ ಕಾರಣ, ಬೇರೇನೂ ಇಲ್ಲ. ಮೊದಲು ಒಂದು ಸಂಗತಿ ತಿಳಿಸಬೇಕು. ಆ ಪುಸ್ತಕದ ಎರಡನೆಯ ಮುದ್ರಣ ಬಂದಿದೆ. ‘ಪೇಟೆಯಿಂದ ಬಂದಿದ್ದ ಯಾವನೋ’ ಎನ್ನುವ ಸಾಲನ್ನು ತೆಗೆದಿದ್ದಾರೆ. ‘ಗಲಾಟೆಯಲ್ಲಿ ಒಂದು ಜೀಪು ಸುಟ್ಟುಹೋಯಿತು’ ಎಂದಷ್ಟೇ ಇದೆ. ನಿನ್ನ ಚಾಚಾ ಈಗ ಆ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದ ನಾನು ನೋಡಿದ್ದನ್ನು ಇಲ್ಲಿ ಬರೆಯುತ್ತೇನೆ. ಇಟ್ಟುಕೊಂಡಿರು.

ಸೆಪ್ಟೆಂಬರ್ ತಿಂಗಳು. ಬೆಳಿಗ್ಗೆ ಹನ್ನೊಂದರ ಸುಮಾರು. ಭಾಷಣದ ಮೈಕಿಗೆ ಕರೆಂಟು ಕೊಡುತ್ತಿದ್ದ ಜನರೇಟರನ್ನು ರಸ್ತೆಯಿಂದ ದೂರ, ಒಂದು ಹೊಂಗೆ ಮರದ ಹಿಂದೆ ಇಟ್ಟಿದ್ದೆವು. ಅದು ನಿಂತುಹೋಯಿತು. ನಾನೇ ಹೇಳಿಕಳಿಸಿ ರಿಯಾಜನನ್ನು ಮದ್ದೂರಿನಿಂದ ಕರೆಸಿದೆ. ಇದನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಅವನು ಆವತ್ತು ಅಲ್ಲಿಗೆ ಬಂದದ್ದು ನಾನು ಕರೆದದ್ದಕ್ಕೆ. ಸೈಕಲ್ಲಿನಲ್ಲಿ ಬಂದ, ಹ್ಯಾಂಡಲ್ಲಿಗೆ ಒಂದು ಕ್ಯಾನ್ ಪೆಟ್ರೋಲ್ ನೇತುಹಾಕಿಕೊಂಡು.

ತೆಳ್ಳಗಿದ್ದ. ಬಹಳ ಮಾತಾಡುತ್ತಿದ್ದ, ಕೆಲಸ ಮಾಡುತ್ತಲೇ ಮಾತು. ಹಿಂದಿನ ದಿನ ಕೊಕ್ಕರೆ ಬೆಳ್ಳೂರಿನಲ್ಲಿ ಪಂಪ್‌ಸೆಟ್ ಬಿಚ್ಚಿ ಬಂದಿದ್ದನಂತೆ, ಆ ಮನೆಯವರು ಮಜ್ಜಿಗೆಯ ಮೇಲೆ ಮಜ್ಜಿಗೆ ಕೊಟ್ಟು ಸೈಕಲ್ ತುಳಿಯಲಾಗದಂತೆ ಮಾಡಿದರಂತೆ. ಜನರೇಟರ್ ಬಿಚ್ಚಿ ನೋಡಿ, “ಇಂಥಾದ್ನ ಇಟ್ಕಂಡು ಸರ್ಕಾರನ ಅಲ್ಲಾಡುಸ್ತೀರಾ ಜಯಣ್ಣ?” ಎಂದು ನಕ್ಕ. ವಯರ್ ಹಿಡಿದುಕೊಳ್ಳಲು ನನಗೆ ಕೊಟ್ಟ. ಶಾಕ್ ಹೊಡೆದು ನಾನು ಕೈ ಬಿಟ್ಟಾಗ ಇನ್ನೂ ನಕ್ಕ. ನನಗೆ ಕೆಲಸದ ಆರ್ಡರ್ ಬಂದದ್ದು ಅವನಿಗೆ ಗೊತ್ತಿತ್ತು. ತಲೆ ಬಗ್ಗಿಸಿಕೊಂಡೇ, “ಮೇಷ್ಟ್ರಾದ್ ಮ್ಯಾಕೆ ನಮ್ಮನ್ನೆಲ್ಲ ಮಾತಾಡುಸ್ತೀರಾ?” ಎಂದ. “ಓಗ್ಲಾ, ತಲೆ ಅರಟೆ” ಎಂದೆ.

ಆಗ ರಸ್ತೆಯ ಕಡೆಯಿಂದ ಕೂಗು ಕೇಳಿತು. ಅವನು ತಲೆ ಎತ್ತಲಿಲ್ಲ, ಕೈಯಲ್ಲಿದ್ದ ನಟ್ಟನ್ನು ಪೂರ್ತಿ ಬಿಗಿದ. ನಾನು ಎದ್ದು ನೋಡಿದೆ. ಹೊಗೆ ಏಳುತ್ತಿತ್ತು. “ಜೀಪು ಹತ್ಕೊಂಡೈತೆ” ಎಂದೆ. ಅವನು ಟ್ಯಾಂಕಿಗೆ ಸುರಿಯಲೆಂದು ಕ್ಯಾನ್ ಎತ್ತಿಕೊಂಡಿದ್ದ. ಹಾಗೇ ಎದ್ದು ನಿಂತು, “ಒಳೀಕೆ ಯಾರಾದ್ರೂ ಅವ್ರಾ?” ಎಂದು ಕೇಳಿದ. ಗೊತ್ತಿಲ್ಲ ಎಂದೆ. ಕೈಯಲ್ಲಿ ಏನಿದೆ ಎಂಬುದೂ ಅವನಿಗೆ ನೆನಪಿರಲಿಲ್ಲ. ಓಡಿದ. ಜನವೆಲ್ಲ ಜೀಪಿನಿಂದ ದೂರ ಓಡಿಬರುತ್ತಿದ್ದರು. ಅವನೊಬ್ಬನೇ ಅದರ ಕಡೆಗೆ ಓಡುತ್ತಿದ್ದ. ಹತ್ತಿರ ಹೋಗಿ ಬಗ್ಗಿ ಒಳಗೆ ನೋಡಿದ್ದು ನನಗೆ ಕಾಣಿಸಿತು. ಪೊಲೀಸರು ಹಿಂದಿನಿಂದ ಹಿಡಿದದ್ದೂ ಕಾಣಿಸಿತು. ಅವನು ತಿರುಗಿ ಮರದ ಕಡೆ ಕೈ ತೋರಿಸಿ ಏನೋ ಹೇಳಿದ.

ನಾನು ಮರದ ಹಿಂದಕ್ಕೆ ಸರಿದು ನಿಂತುಕೊಂಡೆ.

ಇದನ್ನು ಕಣ್ಣಾರೆ ನೋಡಿದವನು,
ಎಂ. ಜಯಪ್ರಕಾಶ್
ಮಾದಯ್ಯನವರ ಮಗ, ಬೆಳಕವಾಡಿ